ರಾಷ್ಟ್ರ ರಾಷ್ಟ್ರಗಳ ನಡುವೆ ಧರ್ಮ ಮತ್ತು ವ್ಯವಹಾರ ವಿವೇಕ

(ಪ್ರತಿಷ್ಠಾ ಮಹೋತ್ಸವದ ಅಂಗವಾಗಿ ನಡೆದ ಧಾರ್ಮಿಕ ಸಭೆಯಲ್ಲಿ ನೀಡಿದ ಉಪನ್ಯಾಸ)

  

ಪಂಚಕಲ್ಯಾಣದ ಈ ಮಂಗಲ ಸಂದರ್ಭದಲ್ಲಿ ಯುದ್ಧ, ಸಂಧಿ, ಗುಪ್ತ ಒಪ್ಪಂದಗಳ ಪ್ರಸ್ತಾಪವೇಕೆಂದು ಕೆಲವರಿಗೆ ತೋರುವುದು ಸಹಜ. ಆದರೆ ಈ ನಾಡಿನ ಜೈನ ಸಮಾಜಕ್ಕೆ ಆ ಪ್ರಸ್ತಾಪವು ಹೊಸದೇನಲ್ಲ. ಶ್ರವಣಬೆಳಗೊಳದ ಬೆಟ್ಟದ ಮೇಲೆ ಬಾಹುಬಲಿ ಸ್ವಾಮಿಯನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ಮಂತ್ರಿಯೂ ದಂಡನಾಯಕನೂ ಆಗಿದ್ದವನು. ಕೈಯಲ್ಲಿ ಕತ್ತಿ ಹಿಡಿದಿದ್ದವನೇ ಕತ್ತಿಯನ್ನು ಬಿಟ್ಟವನ ಮೂರ್ತಿಯನ್ನು ಕಡೆಯಿಸಿದನು. ಆ ಮೂರ್ತಿಯ ಹಿಂದಿನ ಕಥೆಯಲ್ಲಿಯೂ ಒಂದು ಯುದ್ಧವಿದೆ. ಭರತ ಬಾಹುಬಲಿಯರ ಸೇನೆಗಳು ಎದುರುಬದುರಾಗಿ ನಿಂತಾಗ ಎರಡು ಕಡೆಯ ಮಂತ್ರಿಗಳೂ ಕೂಡಿ ಆಲೋಚಿಸಿ, ಅಣ್ಣತಮ್ಮಂದಿರ ಜಗಳಕ್ಕೆ ಸಾವಿರಾರು ಜನ ಏಕೆ ಸಾಯಬೇಕೆಂದು, ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳ ಉಪಾಯವನ್ನು ಸೂಚಿಸಿದರು. ಬಾಹುಬಲಿಯ ವೈರಾಗ್ಯವನ್ನು ಸ್ಮರಿಸುವ ಜನ ಆ ಮಂತ್ರಿಗಳನ್ನು ಮರೆಯುತ್ತಾರೆ. ಅವರು ರಾಜ್ಯವನ್ನು ತೊರೆದವರಲ್ಲ, ಯುದ್ಧವನ್ನು ಪೂರ್ಣವಾಗಿ ನಿಲ್ಲಿಸಿದವರೂ ಅಲ್ಲ. ಆಗಬಹುದಾಗಿದ್ದ ಹಿಂಸೆಯನ್ನು ಕೈಗೆ ಸಿಕ್ಕ ಮಟ್ಟಿಗೆ ಕುಗ್ಗಿಸಿದವರು. ಈ ಉಪನ್ಯಾಸದ ವಿಷಯವು ಆ ಮಂತ್ರಿಗಳ ಬಗೆಯ ವಿವೇಕವೇ ಆಗಿದೆ.

ಪಾಶ್ಚಾತ್ಯ ರಾಜನೀತಿಶಾಸ್ತ್ರದಲ್ಲಿ ಈ ವಿವೇಕದ ಪ್ರಶ್ನೆಯನ್ನು ಎತ್ತಿದ ಅತ್ಯಂತ ಹಳೆಯ ಪ್ರಸಂಗಗಳಲ್ಲಿ ಒಂದು ಗ್ರೀಸ್ ದೇಶದ್ದು. ಕ್ರಿ. ಪೂ. 428ರಲ್ಲಿ ಲೆಸ್ಬಾಸ್ ದ್ವೀಪದ ಮಿಟಿಲೀನಿ ಎಂಬ ನಗರವು ಅಥೆನ್ಸಿನ ವಿರುದ್ಧ ದಂಗೆಯೆದ್ದಿತು. ಮರುವರ್ಷ ಸೋತು ಶರಣಾಯಿತು. ಕೋಪೋದ್ರಿಕ್ತರಾದ ಅಥೆನ್ಸಿನ ಪೌರರು ಸಭೆ ಸೇರಿ, ಆ ನಗರದ ವಯಸ್ಕ ಗಂಡಸರೆಲ್ಲರನ್ನೂ ಕೊಲ್ಲಬೇಕು, ಹೆಂಗಸರನ್ನೂ ಮಕ್ಕಳನ್ನೂ ದಾಸ್ಯಕ್ಕೆ ಮಾರಬೇಕು ಎಂದು ನಿರ್ಣಯಿಸಿದರು. ಆ ಆಜ್ಞೆಯನ್ನು ಹೊತ್ತ ಹಡಗು ಅಂದೇ ಹೊರಟಿತು. ರಾತ್ರಿ ಕಳೆದು ಬೆಳಗಾಗುವ ವೇಳೆಗೆ ಜನರ ಮನಸ್ಸು ಅಳುಕಿತು. ತಪ್ಪಿತಸ್ಥರೊಡನೆ ನಿರಪರಾಧಿಗಳನ್ನೂ ಸೇರಿಸಿ ಇಡೀ ಊರನ್ನು ಅಳಿಸುವುದು ಕ್ರೂರವೆಂದು ಅವರಿಗೆ ತೋರಿತು. ಸಭೆಯು ಮತ್ತೆ ಸೇರಿತು.

ಅಂದಿನ ವಾದವನ್ನು ಇತಿಹಾಸಕಾರ ಥ್ಯೂಸಿಡಿಡೀಸನು ದಾಖಲಿಸಿದ್ದಾನೆ. ಕ್ಲಿಯೋನ್ ಎಂಬವನು ಮೊದಲಿನ ಆಜ್ಞೆಯೇ ನ್ಯಾಯವೆಂದು, ಕರುಣೆಯು ಸಾಮ್ರಾಜ್ಯಕ್ಕೆ ಒಗ್ಗದ ದೌರ್ಬಲ್ಯವೆಂದು ಗುಡುಗಿದನು. ಡಿಯೋಡೋಟಸ್ ಎಂಬವನು ಅದಕ್ಕೆ ಪ್ರತಿಯಾಗಿ ನಿಂತನು. ಆಶ್ಚರ್ಯವೆಂದರೆ ಅವನು ಕರುಣೆಯ ಹೆಸರನ್ನೆತ್ತಲಿಲ್ಲ. ಇದು ನ್ಯಾಯಾಲಯವಲ್ಲ, ಇಲ್ಲಿ ಅಪರಾಧದ ವಿಚಾರಣೆ ನಡೆಯುತ್ತಿಲ್ಲ, ಅಥೆನ್ಸಿಗೆ ಯಾವುದು ಹಿತವೆಂಬುದಷ್ಟೇ ಪ್ರಶ್ನೆ ಎಂಬುದು ಅವನ ವಾದ. ಶರಣಾದರೂ ಸಾವೇ ಗತಿಯೆಂದು ತಿಳಿದರೆ ಮುಂದೆ ದಂಗೆಯೆದ್ದ ಯಾವ ಊರೂ ಶರಣಾಗದು, ದಂಗೆಗೆ ಮನಸ್ಸಿಲ್ಲದ ಸಾಮಾನ್ಯ ಜನರನ್ನೂ ಕೊಂದರೆ ಇತರ ಊರುಗಳಲ್ಲಿ ಸ್ನೇಹಿತರೇ ಉಳಿಯರು ಎಂದು ಅವನು ತೋರಿಸಿಕೊಟ್ಟನು. ಕೈಯೆತ್ತಿ ಮತ ನೀಡಿದಾಗ ಎರಡು ಪಕ್ಷಗಳೂ ಹೆಚ್ಚುಕಡಿಮೆ ಸಮನಾಗಿದ್ದವು. ಅಲ್ಪ ಅಂತರದಲ್ಲಿ ಡಿಯೋಡೋಟಸನ ಮಾತು ಗೆದ್ದಿತು.

ಎರಡನೆಯ ಹಡಗು ಹೊರಟಿತು. ಮೊದಲನೆಯದು ಸುಮಾರು ಒಂದು ಹಗಲು ಒಂದು ರಾತ್ರಿಯಷ್ಟು ಮುಂದಿತ್ತು. ಹುಟ್ಟು ಹಾಕುವವರು ಊಟಕ್ಕೆಂದು ನಿಲ್ಲದೆ, ದ್ರಾಕ್ಷಾರಸ ಮತ್ತು ಎಣ್ಣೆಯಲ್ಲಿ ಕಲಸಿದ ಜವೆಯ ಹಿಟ್ಟನ್ನು ಕುಳಿತಲ್ಲೇ ತಿನ್ನುತ್ತ, ಸರದಿಯಂತೆ ನಿದ್ರಿಸುತ್ತ ಸಾಗಿದರು. ಮೊದಲ ಹಡಗಿನವರಿಗೆ ತಾವು ಹೊತ್ತಿದ್ದ ಆಜ್ಞೆಯೇ ಹೇಸಿಗೆಯಾಗಿದ್ದುದರಿಂದ ಅವರು ಅವಸರಪಡಲಿಲ್ಲ. ಸೇನಾಧಿಪತಿಯು ಮರಣಾಜ್ಞೆಯನ್ನು ಓದಿ ಮುಗಿಸಿ ಅದನ್ನು ನಡೆಸಲು ಸಿದ್ಧನಾಗುತ್ತಿದ್ದ ಹೊತ್ತಿಗೆ ಎರಡನೆಯ ಹಡಗು ದಡ ಮುಟ್ಟಿತು. ಊರು ಉಳಿಯಿತು. ಆದರೂ ದಂಗೆಯ ಮುಖಂಡರೆಂದು ಸೆರೆಹಿಡಿದಿದ್ದ ಸಾವಿರಕ್ಕೂ ಮಿಕ್ಕಿದ ಜನರನ್ನು ಕೊಂದರೆಂದು ಅದೇ ಗ್ರಂಥವು ಹೇಳುತ್ತದೆ. ಈ ಕಥೆಯನ್ನು ಹೇಳುವವರು ಅನೇಕ ವೇಳೆ ಆ ಸಾವಿರವನ್ನು ಬಿಟ್ಟುಬಿಡುತ್ತಾರೆ, ಬಿಡಬಾರದು.

ಡಿಯೋಡೋಟಸನು ಮನಸ್ಸಿನಲ್ಲಿ ಕರುಣೆಯುಳ್ಳವನಾಗಿ, ಸಭೆಯ ಕಿವಿಗೆ ಹಿತವಾಗುವಂತೆ ಲಾಭದ ಭಾಷೆಯನ್ನಾಡಿದನೋ, ಅಥವಾ ನಿಜವಾಗಿಯೂ ಲಾಭವನ್ನೇ ಬಯಸಿದವನೋ ಎಂಬುದು ವಿದ್ವಾಂಸರಲ್ಲಿ ಇಂದಿಗೂ ಚರ್ಚೆಯ ವಿಷಯ. ಹಿಂದಿನ ದಿನದ ಆವೇಶ ಇಳಿದಿರದಿದ್ದರೆ ಅವನ ವಾದಕ್ಕೆ ಕಿವಿಗೊಡುವವರೇ ಇರುತ್ತಿರಲಿಲ್ಲವೆಂಬುದಂತೂ ಸ್ಪಷ್ಟ. ಪೌರರ ಮನಸ್ಸಿನ ಅಳುಕು ಧರ್ಮದ್ದು. ಅದು ಸಭೆಯನ್ನು ಮತ್ತೆ ಸೇರಿಸಿತು. ವಾದವು ವ್ಯವಹಾರದ್ದು, ಅದು ಮತಗಳನ್ನು ಗಳಿಸಿತು. ಎರಡರಲ್ಲಿ ಒಂದು ಇಲ್ಲದಿದ್ದರೂ ಎರಡನೆಯ ಹಡಗು ಹೊರಡುತ್ತಿರಲಿಲ್ಲ.

ಈ ಶಕ್ತಿಗೆ ಅರಿಸ್ಟಾಟಲನು ಮುಂದೆ ‘ಫ್ರೊನೆಸಿಸ್’ ಎಂಬ ಹೆಸರನ್ನು ಸ್ಥಿರಗೊಳಿಸಿದನು. ಕನ್ನಡದಲ್ಲಿ ವ್ಯವಹಾರ ವಿವೇಕವೆನ್ನಬಹುದು. ಗಣಿತದಲ್ಲಿ ಎಳೆಯರೂ ಪಾರಂಗತರಾಗಬಹುದು, ಈ ವಿವೇಕವು ಮಾತ್ರ ಎಳೆಯರಲ್ಲಿ ಕಾಣಸಿಗದು, ಏಕೆಂದರೆ ಅದಕ್ಕೆ ಬಿಡಿ ಬಿಡಿ ಸಂಗತಿಗಳ ಅನುಭವ ಬೇಕು ಎಂಬುದು ಅವನ ಅಭಿಪ್ರಾಯ. ಅದು ಬರಿಯ ಜಾಣತನವಲ್ಲ. ಕೆಟ್ಟ ಗುರಿಗೂ ಒಳ್ಳೆಯ ದಾರಿ ಹುಡುಕುವುದು ಜಾಣತನ. ವಿವೇಕಕ್ಕೆ ಗುರಿಯೂ ಒಳ್ಳೆಯದಾಗಿರಬೇಕು.

ಹತ್ತನೆಯ ಶತಮಾನದಲ್ಲಿ ಜೈನಾಚಾರ್ಯ ಸೋಮದೇವಸೂರಿಯು ಇದೇ ನೆಲೆಯಲ್ಲಿ ಚಿಂತಿಸಿದನು. ರಾಷ್ಟ್ರಕೂಟರ ಸಾಮಂತರಾಗಿದ್ದ ವೇಮುಲವಾಡದ ಚಾಲುಕ್ಯರ ಆಶ್ರಯ ಅವನದು. ಆದಿಕವಿ ಪಂಪನಿಗೆ ಆಶ್ರಯವಿತ್ತ ವಂಶವೇ ಅದು. ಸೋಮದೇವನು ಸರ್ವಸಂಗ ಪರಿತ್ಯಾಗಿಯಾದ ಮುನಿ. ಆದರೂ ಅವನ ‘ನೀತಿವಾಕ್ಯಾಮೃತ’ವು ಧರ್ಮ, ಅರ್ಥ, ಕಾಮಗಳ ಫಲವನ್ನು ನೀಡುವ ರಾಜ್ಯಕ್ಕೆ ನಮಸ್ಕರಿಸಿಯೇ ಆರಂಭವಾಗುತ್ತದೆ. ಮಂತ್ರಿ, ದೂತ, ಚಾರ, ದುರ್ಗ, ಷಾಡ್ಗುಣ್ಯ, ಯುದ್ಧ ಎಂದು ವಿಷಯಗಳನ್ನು ವಿಂಗಡಿಸಿ ಆಚಾರ್ಯನು ಸೂತ್ರಗಳನ್ನು ನೀಡಿದ್ದಾನೆ. ಯುದ್ಧದ ಭಾಗದಲ್ಲಿ, ಮೊಟ್ಟಮೊದಲಿಗೇ ಯುದ್ಧಕ್ಕೆ ಪ್ರೇರೇಪಿಸುವವನನ್ನೂ ಮೊಟ್ಟಮೊದಲಿಗೇ ನೆಲವನ್ನು ಬಿಟ್ಟು ಹೋಗೆನ್ನುವವನನ್ನೂ ಆತನು ಒಟ್ಟಿಗೇ ಹಿಡಿದು, ಇಂಥವನು ಎಂತಹ ಮಂತ್ರಿ ಎಂದು ಜರೆಯುತ್ತಾನೆ. ಇಪ್ಪತ್ತನೆಯ ಶತಮಾನದ ಒಂದು ಮಹಾಸಂಕಟದಲ್ಲಿ ಈ ಸೂತ್ರದ ಎರಡು ಬಗೆಯ ಮಂತ್ರಿಗಳೂ ಒಂದೇ ಕೊಠಡಿಯಲ್ಲಿ ಕಾಣಿಸಿಕೊಂಡರು. ಅದನ್ನು ಮುಂದೆ ನೋಡಬಹುದು.

ಆಧುನಿಕ ಚಿಂತಕರಲ್ಲಿ ಇಬ್ಬರನ್ನು ಹೆಸರಿಸಿದರೆ ಸಾಕು. ಜರ್ಮನಿಯ ಮ್ಯಾಕ್ಸ್ ವೆಬರನು ಮೊದಲನೆಯ ಮಹಾಯುದ್ಧದ ಸೋಲಿನ ಬೆನ್ನಿಗೆ, 1919ರ ಜನವರಿಯಲ್ಲಿ, ಮ್ಯೂನಿಕ್ ನಗರದ ವಿದ್ಯಾರ್ಥಿಗಳೆದುರು ರಾಜಕಾರಣದ ವೃತ್ತಿಯನ್ನು ಕುರಿತು ಉಪನ್ಯಾಸ ಮಾಡಿದನು. ಶ್ರದ್ಧೆಯ ನೀತಿ ಮತ್ತು ಹೊಣೆಯ ನೀತಿ ಎಂದು ಅವನು ಎರಡು ಬಗೆಯನ್ನು ಹೇಳಿದನು. ಮೊದಲನೆಯದನ್ನು ನಂಬಿದವನು ತಾನು ಮಾಡಿದುದು ಸರಿಯೇ ಎಂದಷ್ಟೇ ನೋಡಿ ಫಲವನ್ನು ದೇವರಿಗೆ ಬಿಡುತ್ತಾನೆ. ಎರಡನೆಯವನು ಊಹಿಸಬಹುದಾದ ಫಲಗಳಿಗೆಲ್ಲ ತಾನೇ ಉತ್ತರವಾದಿಯೆಂದು ತಿಳಿಯುತ್ತಾನೆ. ವೆಬರನು ಹೊಣೆಯ ನೀತಿಯ ಪಕ್ಷಪಾತಿಯೆಂದು ಅನೇಕರು ಬರೆದಿದ್ದಾರೆ. ಅದು ಅರ್ಧ ಸತ್ಯ. ಪಕ್ವವಾದ ಮನುಷ್ಯನಲ್ಲಿ ಎರಡೂ ಒಂದಕ್ಕೊಂದು ಪೂರಕವಾಗಿರುತ್ತವೆಯೆಂದೇ ಅವನು ಉಪನ್ಯಾಸವನ್ನು ಕೊನೆಯ ಘಟ್ಟಕ್ಕೆ ತಂದನು. ಇನ್ನೊಬ್ಬನು ನಾತ್ಸಿಗಳ ಕಾಲದಲ್ಲಿ ಜರ್ಮನಿಯಿಂದ ದೂರವಾಗಿ ಅಮೆರಿಕದಲ್ಲಿ ನೆಲಸಿದ ಹಾನ್ಸ್ ಮಾರ್ಗೆಂಥೌ. ರಾಷ್ಟ್ರಗಳ ರಾಜಕಾರಣವನ್ನು ಕುರಿತ ಅವನ 1948ರ ಗ್ರಂಥವು ಹೆಸರಾದುದು ಅಧಿಕಾರ ಮತ್ತು ರಾಷ್ಟ್ರಹಿತಗಳ ಶಾಸ್ತ್ರವೆಂದು. ಆದರೆ ರಾಜಕಾರಣದಲ್ಲಿ ಸರ್ವೋಚ್ಚವಾದ ಗುಣ ವಿವೇಕವೆಂದು, ವಿವೇಕವಿಲ್ಲದೆ ರಾಜಕೀಯ ನೀತಿಯೇ ಇಲ್ಲವೆಂದು ಬೋಧಿಸಿದವನೂ ಅವನೇ. ವಿಯೆಟ್ನಾಂ ಯುದ್ಧವನ್ನು ಅಮೆರಿಕದ ಪ್ರತಿಷ್ಠಿತರು ಬೆಂಬಲಿಸುತ್ತಿದ್ದ 1965ರ ದಿನಗಳಲ್ಲಿಯೇ ಅವನು ಅದನ್ನು ಬಹಿರಂಗವಾಗಿ ವಿರೋಧಿಸಿದನು. ತನ್ನ ಮಾತಿಗೆ ತಾನೇ ಬದ್ಧನಾಗಿ ನಡೆದ ಪಂಡಿತರ ಸಂಖ್ಯೆ ದೊಡ್ಡದಲ್ಲವಾದುದರಿಂದ ಇದನ್ನು ಹೇಳಬೇಕಾಯಿತು.

ಇನ್ನು 1962ರ ಅಕ್ಟೋಬರ್. ಅಮೆರಿಕದ ಕರಾವಳಿಗೆ ಸಮೀಪದ ಕ್ಯೂಬಾ ದ್ವೀಪದಲ್ಲಿ ಸೋವಿಯತ್ ಒಕ್ಕೂಟವು ಅಣ್ವಸ್ತ್ರ ಕ್ಷಿಪಣಿಗಳನ್ನು ಗುಟ್ಟಾಗಿ ನೆಲೆಗೊಳಿಸುತ್ತಿರುವುದು 14ನೆಯ ತಾರೀಖು ವಿಮಾನದಿಂದ ತೆಗೆದ ಛಾಯಾಚಿತ್ರಗಳಿಂದ ತಿಳಿಯಿತು. 16ರ ಬೆಳಿಗ್ಗೆ ಅಧ್ಯಕ್ಷ ಕೆನಡಿಗೆ ವರದಿ ಮುಟ್ಟಿತು. ಈ ಸಂಕಟವು ಆಕಾಶದಿಂದ ಬಿದ್ದುದಲ್ಲ. ಹಿಂದಿನ ವರ್ಷ ಅಮೆರಿಕದ ಬೆಂಬಲದಿಂದ ಕ್ಯೂಬಾದ ಮೇಲೆ ಒಂದು ದಾಳಿ ನಡೆದು ಸೋತಿತ್ತು. ಕ್ಯಾಸ್ಟ್ರೋ ಸರ್ಕಾರವನ್ನು ಉರುಳಿಸುವ ಗುಪ್ತ ಯತ್ನಗಳು ನಡೆಯುತ್ತಲೇ ಇದ್ದವು. ಸೋವಿಯತ್ ಗಡಿಯ ಪಕ್ಕದ ತುರ್ಕಿಯಲ್ಲಿ ಅಮೆರಿಕದ ಕ್ಷಿಪಣಿಗಳು ನಿಂತಿದ್ದವು. ಎದುರಾಳಿಯ ಅಂಗಳದಲ್ಲಿ ತಾನು ಮಾಡಿದುದನ್ನು ತನ್ನ ಅಂಗಳದಲ್ಲಿ ಅವನು ಮಾಡಿದಾಗ ಮಾತ್ರ ಅದು ಅಧರ್ಮವೆಂದು ತೋರುವುದು ಮನುಷ್ಯ ಸ್ವಭಾವ.

ಸಲಹೆಗಾರರ ಸಮಿತಿಯಲ್ಲಿ ಮೊದಲ ದಿನ ಬಹುಮಂದಿಯ ಒಲವು ಹಠಾತ್ತಾದ ವಿಮಾನದಾಳಿಯ ಕಡೆಗಿತ್ತು. ಆಗ ಜಾರ್ಜ್ ಬಾಲ್ ಎಂಬ ಅಧಿಕಾರಿ, ಬಳಿಕ ಅಧ್ಯಕ್ಷನ ತಮ್ಮ ರಾಬರ್ಟ್ ಕೆನಡಿ, ಒಂದು ಆಕ್ಷೇಪವನ್ನೆತ್ತಿದರು. ಎಚ್ಚರಿಕೆಯಿಲ್ಲದೆ ಚಿಕ್ಕ ದೇಶವೊಂದರ ಮೇಲೆ ಎರಗುವುದು 1941ರಲ್ಲಿ ಜಪಾನ್ ಪರ್ಲ್ ಹಾರ್ಬರಿನಲ್ಲಿ ಮಾಡಿದ ಕೃತ್ಯದಂತೆಯೇ ಆಗುವುದೆಂಬುದು ಅವರ ಮಾತು. ಹಿರಿಯ ರಾಜನೀತಿಜ್ಞ ಡೀನ್ ಅಚೆಸನ್ ಈ ಹೋಲಿಕೆ ಸಲ್ಲದೆಂದು ತಳ್ಳಿಹಾಕಿದನು. ವಾಯುಸೇನೆಯ ಮುಖ್ಯಸ್ಥ ಲೆಮೇಯನು ದಾಳಿ ಮಾಡದಿರುವುದೇ 1938ರಲ್ಲಿ ಮ್ಯೂನಿಕ್ಕಿನಲ್ಲಿ ಹಿಟ್ಲರನಿಗೆ ಮಣಿದಂತೆ ಎಂದು ಅಧ್ಯಕ್ಷನ ಮುಖಕ್ಕೇ ಹೇಳಿದನು. ಹೀಗೆ ಒಂದೇ ಕೊಠಡಿಯಲ್ಲಿ ಎರಡು ಹಳೆಯ ನೆನಪುಗಳು ಸೆಣಸಿದವು. ಇತಿಹಾಸದಿಂದ ಪಾಠ ಕಲಿಯಬೇಕೆಂದು ಎಲ್ಲರೂ ಹೇಳುತ್ತಾರೆ; ಇಂದಿನ ಸಂಕಟವು ಯಾವ ಪಾಠದ್ದೆಂದು ಗುರುತಿಸುವ ಶಕ್ತಿಯನ್ನು ಇತಿಹಾಸವು ಕೊಡುವುದಿಲ್ಲ. ಕೆನಡಿ ಆ ವರ್ಷ ಬೇರೊಂದು ಪುಸ್ತಕವನ್ನು ಓದಿದ್ದನು: 1914ರಲ್ಲಿ ಯಾರೂ ಬಯಸದ ಮಹಾಯುದ್ಧಕ್ಕೆ ಯುರೋಪು ಹೇಗೆ ಜಾರಿತೆಂದು ವಿವರಿಸುವ ಬಾರ್ಬರಾ ಟಕ್‌ಮನ್ ಅವರ ಗ್ರಂಥ. ಅವನ ಮನಸ್ಸಿನಲ್ಲಿ ಆ ಭಯವೇ ಮೇಲಾಯಿತೆಂದು ಹತ್ತಿರದವರು ಬರೆದಿದ್ದಾರೆ.

ಧರ್ಮದ ಆಕ್ಷೇಪವು ಇಲ್ಲಿ ಮಾಡಿದ ಕೆಲಸವು ಸೂಕ್ಷ್ಮವಾದುದು. ಅದು ಪ್ರಶ್ನೆಯನ್ನು ಬಗೆಹರಿಸಲಿಲ್ಲ. ಅವಸರವನ್ನು ತಡೆಯಿತು. ಆ ವಿರಾಮದಲ್ಲಿ ಮೂರನೆಯ ಮಾರ್ಗವೊಂದು ರೂಪುಗೊಂಡಿತು: ಶಸ್ತ್ರಾಸ್ತ್ರ ತರುವ ಹಡಗುಗಳನ್ನು ಸಮುದ್ರದಲ್ಲಿ ತಡೆಯುವುದು. ‘ದಿಗ್ಬಂಧನ’ವೆಂದರೆ ಅಂತರರಾಷ್ಟ್ರೀಯ ನ್ಯಾಯದಲ್ಲಿ ಅದು ಯುದ್ಧಕ್ರಮವಾದುದರಿಂದ, ರೋಗಿಗಳನ್ನು ಬೇರೆಯಿಡುವುದಕ್ಕೆ ಬಳಸುವ ‘ಕ್ವಾರಂಟೈನ್’ ಎಂಬ ಪದವನ್ನು ಆರಿಸಿಕೊಂಡರು. ಒಂದು ಶಬ್ದದ ಆಯ್ಕೆಯಿಂದ ಎದುರಾಳಿಗೆ ಹಿಂದೆ ಸರಿಯಲು ಒಂದಿಷ್ಟು ಎಡೆ ದೊರೆಯಿತು. 22ರಂದು ಕೆನಡಿ ದೂರದರ್ಶನದಲ್ಲಿ ವಿಷಯವನ್ನು ಬಹಿರಂಗಪಡಿಸಿದನು.

27ನೆಯ ತಾರೀಖು ಶನಿವಾರ. ಕ್ಯೂಬಾದ ಮೇಲೆ ಅಮೆರಿಕದ ಬೇಹು ವಿಮಾನವೊಂದನ್ನು ಹೊಡೆದುರುಳಿಸಲಾಯಿತು; ಚಾಲಕನು ಸತ್ತನು. ಇನ್ನೊಂದು ವಿಮಾನವು ದಾರಿ ತಪ್ಪಿ ಸೋವಿಯತ್ ಆಕಾಶವನ್ನು ಹೊಕ್ಕಿತು. ಕ್ರುಶ್ಚೇವನಿಂದ ಹಿಂದಿನ ದಿನ ಮೃದುವಾದ ಪತ್ರ, ಅಂದು ಕಠಿಣವಾದ ಪತ್ರ. ಕ್ರುಶ್ಚೇವನನ್ನು ಸ್ವತಃ ಬಲ್ಲ, ಮಾಸ್ಕೋದಲ್ಲಿ ರಾಯಭಾರಿಯಾಗಿದ್ದ ಥಾಂಪ್ಸನ್ ಎಂಬವನು, ಆ ಮನುಷ್ಯನಿಗೆ ತಾನು ಕ್ಯೂಬಾವನ್ನು ಉಳಿಸಿದೆನೆಂದು ಹೇಳಿಕೊಳ್ಳುವ ಅವಕಾಶ ಸಿಕ್ಕರೆ ಸಾಕೆಂದು ಸಲಹೆಯಿತ್ತನು. ಎದುರಾಳಿಯ ನೆಲೆಯಲ್ಲಿ ನಿಂತು ನೋಡುವುದೆಂದರೆ ಇದು. ಅನೇಕಾಂತವೆಂದರೆ ಎಲ್ಲರೂ ಸರಿಯೆಂಬ ಅಸಡ್ಡೆಯ ಮಾತಲ್ಲವೆಂದು ಈ ಸಭೆಗೆ ಬಿಡಿಸಿ ಹೇಳಬೇಕಾಗಿಲ್ಲ. ಥಾಂಪ್ಸನ್ ಕ್ಷಿಪಣಿಗಳು ಅಲ್ಲಿರಲಿ ಎನ್ನಲಿಲ್ಲ, ಅವು ಹೋಗುವ ದಾರಿಯನ್ನು ಕ್ರುಶ್ಚೇವನ ಕಣ್ಣಿನಿಂದ ನೋಡಿದನು. ಕೆನಡಿ ಮೃದುವಾದ ಪತ್ರಕ್ಕೆ ಉತ್ತರಿಸಿದನು. ಅಂದು ರಾತ್ರಿ ರಾಬರ್ಟ್ ಕೆನಡಿ ಸೋವಿಯತ್ ರಾಯಭಾರಿ ಡೊಬ್ರಿನಿನ್ ಅವರನ್ನು ಕಂಡು, ತುರ್ಕಿಯ ಕ್ಷಿಪಣಿಗಳೂ ಕೆಲವು ತಿಂಗಳಲ್ಲಿ ಹೋಗುವುವೆಂದೂ, ಆದರೆ ಆ ಮಾತು ಹೊರಬೀಳಕೂಡದೆಂದೂ ತಿಳಿಸಿದನು. ಮರುದಿನ ಕ್ಷಿಪಣಿಗಳನ್ನು ಹಿಂತೆಗೆಯುವುದಾಗಿ ಮಾಸ್ಕೋ ರೇಡಿಯೋ ಸಾರಿತು.

ಆ ಶನಿವಾರದ ಇನ್ನೊಂದು ಸಂಗತಿಯು 2002ರಲ್ಲಿ, ನಲವತ್ತು ವರ್ಷಗಳ ಮೇಲೆ, ಹವಾನಾದ ಸಮ್ಮೇಳನದ ಮೂಲಕ ಲೋಕಕ್ಕೆ ವ್ಯಾಪಕವಾಗಿ ತಿಳಿಯಿತು. ಕ್ಯೂಬಾದ ಬಳಿ ನೀರಿನೊಳಗಿದ್ದ ಸೋವಿಯತ್ ಜಲಾಂತರ್ಗಾಮಿಯೊಂದರಲ್ಲಿ ಅಣ್ವಸ್ತ್ರ ಹೊತ್ತ ಟಾರ್ಪೆಡೋ ಇತ್ತು. ಅದು ಅಮೆರಿಕದವರಿಗೆ ಗೊತ್ತಿರಲಿಲ್ಲ. ಮೇಲೇಳೆಂಬ ಸೂಚನೆಗಾಗಿ ಅವರು ಚಿಕ್ಕ ಸಿಡಿಗುಂಡುಗಳನ್ನು ಬಿಡುತ್ತಿದ್ದರು. ಒಳಗೆ ಅಸಹ್ಯ ಸೆಕೆ, ಉಸಿರಾಡಲು ಕೆಟ್ಟ ಗಾಳಿ, ಮಾಸ್ಕೋದೊಡನೆ ಸಂಪರ್ಕವಿಲ್ಲ. ಮೇಲೆ ಯುದ್ಧವೇ ಆರಂಭವಾಗಿರಬಹುದೆಂದು ನಾಯಕ ಸವಿಟ್‌ಸ್ಕಿ ಟಾರ್ಪೆಡೋ ಸಿದ್ಧಪಡಿಸಲು ಹೇಳಿದನೆಂದೂ, ಅದೇ ನೌಕೆಯಲ್ಲಿದ್ದ ವಾಸಿಲಿ ಅರ್ಖಿಪೋವ್ ಎಂಬ ಅಧಿಕಾರಿಯು ಅವನನ್ನು ಸಮಾಧಾನಗೊಳಿಸಿ ನೌಕೆಯು ನೀರಿನ ಮೇಲಕ್ಕೆ ಬರುವಂತೆ ಮಾಡಿದನೆಂದೂ ಜೊತೆಗಿದ್ದ ಅಧಿಕಾರಿಯೊಬ್ಬನ ಹೇಳಿಕೆ. ವಿವರಗಳಲ್ಲಿ ಭಿನ್ನಾಭಿಪ್ರಾಯವುಂಟು. ವಾಷಿಂಗ್ಟನ್ನಿನ ಸಮಿತಿಯಲ್ಲಿ ಹದಿಮೂರು ದಿನಗಳ ಚರ್ಚೆಗೆ ಸಿಕ್ಕ ಕಾಲ ಅರ್ಖಿಪೋವನಿಗೆ ಸಿಗಲಿಲ್ಲ; ಅವನು 1998ರಲ್ಲಿ ತೀರಿಕೊಂಡಾಗ ಈ ಸಂಗತಿ ಜಗತ್ತಿಗೆ ತಿಳಿದೇ ಇರಲಿಲ್ಲ.

ಈ ಕಥೆಗೆ ಕಪ್ಪು ಅಂಚೂ ಉಂಟು. ತುರ್ಕಿಯ ಒಪ್ಪಂದವನ್ನು ಮುಚ್ಚಿಟ್ಟುದರಿಂದ ಅಮೆರಿಕದ ಜನತೆಯು ತಪ್ಪು ಪಾಠವನ್ನು ಕಲಿಯಿತು. ತಮ್ಮ ಅಧ್ಯಕ್ಷನು ಕಣ್ಣು ಮಿಟುಕಿಸದೆ ನಿಂತನು, ಆದುದರಿಂದ ಎದುರಾಳಿ ಓಡಿದನು ಎಂದು ಅವರು ನಂಬಿದರು. ರಾಬರ್ಟ್ ಕೆನಡಿ ಬರೆದಿಟ್ಟುದನ್ನು 1969ರಲ್ಲಿ ಅಚ್ಚಿಗೆ ಸಿದ್ಧಪಡಿಸಿದ ಸೋರೆನ್‌ಸನ್, ಆ ಒಪ್ಪಂದವು ಸ್ಪಷ್ಟವಾಗಿ ಕಾಣದಂತೆ ತಾನು ತಿದ್ದಿದುದನ್ನು 1989ರಲ್ಲಿ ಒಪ್ಪಿಕೊಂಡನು. ಅಷ್ಟರಲ್ಲಿ ಹಟವೇ ಗೆಲುವಿನ ಗುಟ್ಟೆಂಬ ನಂಬಿಕೆಯು ವಿಯೆಟ್ನಾಮಿನ ಕಾಡುಗಳಲ್ಲಿ ಲಕ್ಷಾಂತರ ಜನರ ಬಲಿಗೆ ಒದಗಿತ್ತು. ಅಂದಿನ ರಾತ್ರಿಯ ಮೌನವು ಯುದ್ಧವನ್ನು ತಪ್ಪಿಸಲು ಸಹಾಯಕವಾಯಿತೆಂಬುದು ನಿಜ. ಆ ಮೌನವನ್ನು ಇಪ್ಪತ್ತೇಳು ವರ್ಷ ಕಾಯ್ದುದಕ್ಕೆ ಅಂತಹ ಯಾವ ಸಮರ್ಥನೆಯೂ ಇಲ್ಲ.

ತಾಳ್ಮೆ, ವಿರಾಮ, ಎಚ್ಚರಿಕೆ ಇವೇ ವಿವೇಕವೆಂದು ಕ್ಯೂಬಾದಿಂದ ಯಾರಾದರೂ ತೀರ್ಮಾನಿಸಿದರೆ ರುವಾಂಡಾ ಅವರನ್ನು ತಡೆದು ನಿಲ್ಲಿಸುತ್ತದೆ. 1994ರ ಜನವರಿ 11ರಂದು ಆ ದೇಶದಲ್ಲಿದ್ದ ವಿಶ್ವಸಂಸ್ಥೆಯ ಶಾಂತಿಪಡೆಯ ನಾಯಕ, ಕೆನಡಾದ ರೋಮಿಯೋ ಡಲೇರ್, ನ್ಯೂಯಾರ್ಕಿಗೆ ತಂತಿ ಸಂದೇಶ ಕಳುಹಿಸಿದನು. ಟುಟ್ಸಿ ಜನರ ಪಟ್ಟಿ ಸಿದ್ಧವಾಗುತ್ತಿದೆ, ಅದು ಅವರನ್ನು ಕೊಲ್ಲುವುದಕ್ಕಾಗಿಯೇ ಇರಬಹುದೆಂದು ಸುದ್ದಿಗಾರನೊಬ್ಬನು ತಿಳಿಸಿದ್ದಾನೆ, ಆಯುಧಗಳ ಅಡಗುದಾಣಗಳ ಮೇಲೆ ಮೂವತ್ತಾರು ಗಂಟೆಗಳಲ್ಲಿ ದಾಳಿ ಮಾಡುತ್ತೇನೆ ಎಂಬುದು ಅದರ ಸಾರ. ಅನುಜ್ಞೆಯ ಮೇರೆಯನ್ನು ಮೀರಬೇಡ, ವಿಷಯವನ್ನು ಆ ದೇಶದ ಅಧ್ಯಕ್ಷನಿಗೇ ತಿಳಿಸು ಎಂದು ಉತ್ತರ ಬಂದಿತು. ಏಪ್ರಿಲ್ 6ರಂದು ಆ ಅಧ್ಯಕ್ಷನ ವಿಮಾನವನ್ನು ಹೊಡೆದುರುಳಿಸಿದರು. ಮರುದಿನ ಬೆಲ್ಜಿಯಮ್ಮಿನ ಹತ್ತು ಮಂದಿ ಶಾಂತಿಪಾಲಕರ ಕೊಲೆಯಾಯಿತು. ಊರೂರುಗಳಲ್ಲಿ ಕಗ್ಗೊಲೆ ನಡೆಯುತ್ತಿದ್ದ ಏಪ್ರಿಲ್ 21ರಂದು ಭದ್ರತಾ ಮಂಡಲಿಯು ಶಾಂತಿಪಡೆಯನ್ನು ಸುಮಾರು 270 ಜನರಿಗೆ ಇಳಿಸಲು ನಿರ್ಣಯಿಸಿತು. ಸುಮಾರು ನೂರು ದಿನಗಳಲ್ಲಿ ಸತ್ತವರ ಸಂಖ್ಯೆ ಸುಮಾರು 8 ಲಕ್ಷವೆಂದು ವಿಶ್ವಸಂಸ್ಥೆಯೇ ನೇಮಿಸಿದ್ದ ತನಿಖೆಯ 1999ರ ವರದಿ ಹೇಳುತ್ತದೆ.

ನ್ಯೂಯಾರ್ಕಿನಲ್ಲಿದ್ದವರು ದುಷ್ಟರಾಗಿದ್ದರೆ ವಿಷಯವು ಸುಲಭವಾಗುತ್ತಿತ್ತು. ಆ ದಿನಗಳಲ್ಲಿ ವಿಶ್ವಸಂಸ್ಥೆಯಲ್ಲಿ ಅಮೆರಿಕದ ನಿಯೋಗದಲ್ಲಿ ಕೆಲಸ ಮಾಡುತ್ತಿದ್ದ ವಿದ್ವಾಂಸ ಮೈಕೇಲ್ ಬಾರ್ನೆಟ್ ಬಳಿಕ ಬರೆದ ಗ್ರಂಥದಲ್ಲಿ ತೋರಿಸಿರುವಂತೆ, ಅಲ್ಲಿದ್ದವರು ತಾವು ಧರ್ಮದಂತೆಯೇ ನಡೆಯುತ್ತಿದ್ದೇವೆಂದು ನಂಬಿದ್ದರು. ಹಿಂದಿನ ಅಕ್ಟೋಬರಿನಲ್ಲಿ ಸೊಮಾಲಿಯಾದಲ್ಲಿ 18 ಅಮೆರಿಕನ್ ಸೈನಿಕರು ಸತ್ತಿದ್ದರು. ಇನ್ನೊಂದು ಸೋಲಾದರೆ ಶಾಂತಿಪಾಲನೆಯೆಂಬ ವ್ಯವಸ್ಥೆಯೇ ಕುಸಿದುಬೀಳುವುದು, ನಿಷ್ಪಕ್ಷಪಾತದ ನಿಯಮವನ್ನು ಮುರಿದರೆ ಮುಂದೆ ಯಾರೂ ನಂಬರು ಎಂಬುದು ಅವರ ಲೆಕ್ಕ. ನಿಯಮವು ಒಳ್ಳೆಯದೇ. ಕೊಲ್ಲುವವನ ಮತ್ತು ಕೊಲೆಯಾಗುವವನ ನಡುವೆ ಅದಕ್ಕೆ ಅರ್ಥವಿದೆಯೇ ಎಂದು ನೋಡುವ ಕಣ್ಣು ಮಾತ್ರ ಮುಚ್ಚಿತ್ತು. ಸಂಸ್ಥೆಯನ್ನು ಉಳಿಸುವುದೇ ಧರ್ಮವೆಂದು ಬಗೆದು, ಸಂಸ್ಥೆ ಯಾರಿಗಾಗಿ ಹುಟ್ಟಿತೆಂಬುದನ್ನು ಮರೆಯುವುದು ರಾಷ್ಟ್ರಗಳಲ್ಲಿ ಮಾತ್ರ ಕಾಣುವ ದೋಷವಲ್ಲ; ಯಾವ ಸಂಘ ಸಂಸ್ಥೆಯ ಆಡಳಿತ ಮಂಡಲಿಯವರೂ ಒಮ್ಮೆ ನೆನೆಯಬಹುದು.

ರುವಾಂಡಾದ ಪಶ್ಚಾತ್ತಾಪವು ಇನ್ನೊಂದು ಅತಿರೇಕಕ್ಕೂ ಎಡೆಗೊಟ್ಟಿತು. 2011ರ ಮಾರ್ಚಿನಲ್ಲಿ ಲಿಬಿಯಾದ ನಾಗರಿಕರನ್ನು ರಕ್ಷಿಸಲು ಬಲಪ್ರಯೋಗಕ್ಕೆ ಭದ್ರತಾ ಮಂಡಲಿ ಅನುಮತಿ ನೀಡಿತು. ಹತ್ತು ಮತ ಪರ. ಭಾರತವೂ ಸೇರಿ ಐದು ದೇಶಗಳು ತಟಸ್ಥ. ರಕ್ಷಣೆಗೆಂದು ಹೊರಟ ಕಾರ್ಯವು ಆಳುವವನನ್ನು ಉರುಳಿಸುವವರೆಗೆ ಬೆಳೆಯಿತು. ಆಮೇಲೆ ಆ ದೇಶವು ಅಂತಃಕಲಹದಲ್ಲಿ ಮುಳುಗಿತು. ನಾಗರಿಕರಿಗಿದ್ದ ಅಪಾಯವನ್ನು ಸರಿಯಾಗಿ ಪರಿಶೀಲಿಸಲಿಲ್ಲವೆಂದು ಬ್ರಿಟಿಷ್ ಸಂಸತ್ತಿನ ಸಮಿತಿಯೇ 2016ರಲ್ಲಿ ಆಕ್ಷೇಪಿಸಿತು. ಒಂದು ಕಡೆ ಬಾರದೆ ಕೆಡಿಸಿದ ಅನುಭವ, ಇನ್ನೊಂದು ಕಡೆ ಬಂದು ಕೆಡಿಸಿದ ಅನುಭವ.

ಭಾರತವು ತಾನೇ ಇಂತಹ ನಿರ್ಣಯವನ್ನು ಕೈಗೊಂಡ ಸಂದರ್ಭವೊಂದುಂಟು. 1971ರ ಮಾರ್ಚ್ 25ರ ರಾತ್ರಿ ಪಾಕಿಸ್ತಾನದ ಸೈನ್ಯವು ಪೂರ್ವ ಬಂಗಾಳದಲ್ಲಿ ತನ್ನ ಪ್ರಜೆಗಳ ಮೇಲೆಯೇ ಎರಗಿತು. ವರ್ಷಾಂತ್ಯದ ವೇಳೆಗೆ ಸುಮಾರು ಒಂದು ಕೋಟಿ ನಿರಾಶ್ರಿತರು ಗಡಿ ದಾಟಿ ಬಂದರು. ಶಿಬಿರಗಳಲ್ಲಿ ಕಾಲರಾ ಹಬ್ಬಿತು. ಕೂಡಲೇ ಸೈನ್ಯ ನುಗ್ಗಲಿ ಎಂಬ ಕೂಗು ದೇಶದಲ್ಲಿ ಎದ್ದಿತು. ಸರ್ಕಾರವು ಕಾದಿತು. ಮಳೆಗಾಲದಲ್ಲಿ ಬಂಗಾಳದ ನದಿಗಳನ್ನು ದಾಟುವುದು ದುಸ್ಸಾಧ್ಯವಾಗಿತ್ತು. ಚಳಿಗಾಲದಲ್ಲಿ ಹಿಮಾಲಯದ ಕಣಿವೆಗಳು ಮುಚ್ಚಿದರೆ ಚೀನಾದ ಭಯ ಕಡಿಮೆ. ಆಗಸ್ಟ್ 9ರಂದು ಸೋವಿಯತ್ ಒಕ್ಕೂಟದೊಡನೆ ಮೈತ್ರಿ ಒಪ್ಪಂದವಾಯಿತು. ಪ್ರಧಾನಿ ಇಂದಿರಾ ಗಾಂಧಿಯವರು ಪಾಶ್ಚಾತ್ಯ ರಾಜಧಾನಿಗಳಿಗೆ ಹೋಗಿ ಪರಿಸ್ಥಿತಿಯನ್ನು ವಿವರಿಸಿದರು, ವಿಶೇಷ ಪ್ರಯೋಜನವಾಗಲಿಲ್ಲ. ಡಿಸೆಂಬರ್ 3ರಂದು ಪಾಕಿಸ್ತಾನದ ವಿಮಾನದಾಳಿಯೊಡನೆ ಪೂರ್ಣಯುದ್ಧ ಆರಂಭವಾಗಿ, 16ರಂದು ಢಾಕಾದಲ್ಲಿ ಶರಣಾಗತಿಯಾಯಿತು. ಮರುದಿನವೇ ಜಾರಿಗೆ ಬರುವಂತೆ ಪಶ್ಚಿಮ ರಂಗದಲ್ಲಿ ಭಾರತವು ತಾನಾಗಿ ಕದನವಿರಾಮವನ್ನು ಸಾರಿತು.

ಲೋಕದ ನ್ಯಾಯಪೀಠವು ಇದನ್ನು ಮೆಚ್ಚಲಿಲ್ಲ. ಯುದ್ಧದ ನಡುವೆ, ಡಿಸೆಂಬರ್ 7ರಂದು, ಯುದ್ಧ ನಿಲ್ಲಿಸಿ ಸೈನ್ಯಗಳನ್ನು ಹಿಂತೆಗೆಯಬೇಕೆಂಬ ನಿರ್ಣಯಕ್ಕೆ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 104 ರಾಷ್ಟ್ರಗಳು ಪರವಾಗಿ, 11 ಮಾತ್ರ ವಿರೋಧವಾಗಿ ಮತ ನೀಡಿದವು. ಇನ್ನೊಂದು ರಾಷ್ಟ್ರದ ಗಡಿಯನ್ನು ಮೀರಬಾರದೆಂಬ ನಿಯಮವು ಸಣ್ಣ ರಾಷ್ಟ್ರಗಳಿಗೆ ಪ್ರಾಣರಕ್ಷಣೆಯ ಕವಚ. ಅವು ಅದಕ್ಕೆ ಅಂಟಿಕೊಂಡುದರಲ್ಲಿ ಆಶ್ಚರ್ಯವಿಲ್ಲ. ಆರು ವರ್ಷಗಳ ಮೇಲೆ, 1977ರಲ್ಲಿ, ಅಮೆರಿಕದ ಚಿಂತಕ ಮೈಕೇಲ್ ವಾಲ್ಜರ್ ನ್ಯಾಯಯುದ್ಧವನ್ನು ಕುರಿತ ತನ್ನ ಗ್ರಂಥದಲ್ಲಿ ಇದೇ ಯುದ್ಧವನ್ನು ಪರದೇಶದ ಪೀಡಿತರ ರಕ್ಷಣೆಗೆ ಒಪ್ಪಬಹುದಾದ ಒಂದು ಉದಾಹರಣೆಯೆಂದು ಎತ್ತಿಕೊಂಡನು. ಭಾರತಕ್ಕೆ ಪಾಕಿಸ್ತಾನವನ್ನು ದುರ್ಬಲಗೊಳಿಸುವ ಸ್ವಾರ್ಥವೂ ಇತ್ತೆಂಬುದನ್ನು ಅವನು ಮರೆಮಾಚಲಿಲ್ಲ. ಹಲವು ಉದ್ದೇಶಗಳು ಕೂಡಿ ಒಂದೇ ದಾರಿಗೆ ಬಂದವು, ಆ ದಾರಿಯು ಬಂಗಾಳಿಗಳು ಬೇಡಿದ ದಾರಿಯೇ ಆಗಿತ್ತು, ಕೆಲಸ ಮುಗಿದೊಡನೆ ಸೈನ್ಯ ಹಿಂದಿರುಗಿತು ಎಂಬುದನ್ನು ಅವನು ಗಣನೆಗೆ ತೆಗೆದುಕೊಂಡನು. ಹಿಂಸೆಯನ್ನು ಅಳೆಯುವಾಗ ಭಾವವನ್ನೇ ಮುಖ್ಯವೆಂದೆಣಿಸುವ ಜೈನ ದೃಷ್ಟಿಗೆ ಇದು ಪೂರ್ಣ ಒಪ್ಪಿಗೆಯಾಗದು. ಸಂಕಲ್ಪೀ ಹಿಂಸೆ ಬೇರೆ, ವಿರೋಧೀ ಹಿಂಸೆ ಬೇರೆ ಎಂದು ಶ್ರಾವಕಾಚಾರವು ವಿಂಗಡಿಸಿದೆಯಾದರೂ, ಒಂದು ರಾಷ್ಟ್ರದ ಮನಸ್ಸಿನಲ್ಲಿ ಎರಡೂ ಬೆರೆತಿದ್ದರೆ ತಕ್ಕಡಿಯಲ್ಲಿ ಹೇಗೆ ತೂಗಬೇಕೆಂಬುದು ಪಂಡಿತರು ಕುಳಿತು ಚರ್ಚಿಸಬೇಕಾದ ವಿಷಯ.

ಆ ಕಾಯುವಿಕೆಯನ್ನು ಕುರಿತು ಒಂದು ಮಾತು ಉಳಿದಿದೆ. ಕಾದುದು ವಿವೇಕವೆಂದು ಸೇನಾನಿಗಳೂ ಬಹುಪಾಲು ಇತಿಹಾಸಕಾರರೂ ಹೇಳುತ್ತಾರೆ. ಹದಿಮೂರು ದಿನಗಳಲ್ಲಿ ಯುದ್ಧ ಮುಗಿದುದೇ ಅದಕ್ಕೆ ಸಾಕ್ಷಿ. ಮೇ ತಿಂಗಳಲ್ಲಿಯೇ ನುಗ್ಗಬೇಕಾಗಿತ್ತೆಂದು ವಾದಿಸಿದ ಬಲ್ಲವರೂ ಇದ್ದರು. ಮಾರ್ಚಿನಿಂದ ಡಿಸೆಂಬರಿನವರೆಗಿನ ಎಂಟು ತಿಂಗಳಲ್ಲಿ ಹಳ್ಳಿಗಳಲ್ಲಿ ಸತ್ತವರು, ಮಾನ ಕಳೆದುಕೊಂಡ ಹೆಂಗಸರು, ಶಿಬಿರದ ಕೆಸರಿನಲ್ಲಿ ಮಕ್ಕಳನ್ನು ಮಣ್ಣುಮಾಡಿದ ತಾಯಂದಿರು ಆ ವಿವೇಕದ ಬೆಲೆಯನ್ನು ತೆತ್ತವರು. ನಿರ್ಣಯ ಮಾಡಿದ ಸಭೆಯಲ್ಲಿ ಅವರಾರೂ ಇರಲಿಲ್ಲ. 1972ರ ಮಾರ್ಚ್ ತಿಂಗಳಲ್ಲಿ ಭಾರತೀಯ ಸೈನ್ಯವು ಢಾಕಾದಿಂದ ಬೀಳ್ಕೊಂಡಿತು. ಅಷ್ಟರಲ್ಲಿ ನಿರಾಶ್ರಿತರ ಬಹುಭಾಗವು ಸುಟ್ಟುಹೋದ ತಮ್ಮ ಊರುಗಳಿಗೆ ಹಿಂದಿರುಗಿ ಗುಡಿಸಲುಗಳನ್ನು ಕಟ್ಟಿಕೊಳ್ಳತೊಡಗಿತ್ತು.